ಮಾತು ಬರುವ, ಚೆನ್ನಾಗಿ ಓದುವ ಮಗಳಿಗೂ ಆಟಿಸಂ ತಪಾಸಣೆ ಮಾಡಿಸಬೇಕೇ?

ಪ್ರಶ್ನೆ: ಮಲೆನಾಡಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಹಳ್ಳಿಯವರು. ನನ್ನ ಮಗಳಿಗೆ ಈಗ 10 ವರ್ಷ. ಮನೆಯಿಂದ 2 ಕಿಲೋಮೀಟರ್ ದೂರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಐದನೆಯ ತರಗತಿ ಓದುತ್ತಿದ್ದಾಳೆ. ಕಳೆದ ತಿಂಗಳು ಒಂದು ರಾತ್ರಿ ಹಾಸಿಗೆ ಹಾಸುತ್ತಿದ್ದಾಗ ಅವಳು ಕೇಳಿದ ಮಾತೇ ನನ್ನನ್ನು ಇಲ್ಲಿ ಬರೆಯಲು ಕೂರಿಸಿದೆ. ‘ಅಮ್ಮಾ, ಯಾವಾಗ ನಗಬೇಕು, ಯಾವಾಗ ಸುಮ್ಮನಿರಬೇಕು ಅಂತ ಉಳಿದವರಿಗೆ ಯಾರು ಹೇಳಿಕೊಟ್ಟರು? ನಾನು ಜ್ವರ ಬಂದು ರಜ ಹಾಕಿದ್ದೆನಲ್ಲ, ಆ ವಾರ ಹೇಳಿಕೊಟ್ಟರಾ?’ ಎಂದಳು. ನನಗೆ ಉತ್ತರ ತೋಚದೆ ದೀಪ ಆರಿಸಿ ಮಲಗಿದೆ.

ಅವಳಿಗೆ ಮಾತು ತಡವಾಗಿ ಬಂದದ್ದಲ್ಲ. ಮೂರು ವರ್ಷಕ್ಕೇ ‘ಆದ್ದರಿಂದ’, ‘ಆದಾಗ್ಯೂ’ ಎಂದೆಲ್ಲ ಪುಸ್ತಕದ ಭಾಷೆಯಲ್ಲಿ ಮಾತನಾಡುತ್ತಿದ್ದಳು. ನೆಂಟರು ಅದನ್ನು ಕೇಳುವುದಕ್ಕೆಂದೇ ಮಾತಿಗೆಳೆಯುತ್ತಿದ್ದರು. ಓದಿನಲ್ಲಿ ಮುಂದಿದ್ದಾಳೆ. ಅವಳ ಪ್ರಪಂಚವೆಲ್ಲ ಅಪ್ಪೆಮಿಡಿ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಸುತ್ತಮುತ್ತಲಿನ ಪ್ರತಿಯೊಂದು ಮಾವಿನ ಮರದ ಎಲೆಯನ್ನು ಅಂಟಿಸಿ, ಅದರ ಸೊನೆಯ ವಾಸನೆ ಜೀರಿಗೆಯದೋ ಕರ್ಪೂರದ್ದೋ, ಮಿಡಿಯ ತೊಟ್ಟು ಎಷ್ಟು ಉದ್ದ, ಯಾವ ವರ್ಷ ಹೂ ಉದುರಿತು ಎಂಬುದನ್ನೆಲ್ಲ ಬರೆದಿಟ್ಟಿದ್ದಾಳೆ. ಅನಂತಭಟ್ಟನ ಅಪ್ಪೆಗೂ ಮಾಳಂಜಿ ಅಪ್ಪೆಗೂ ಇರುವ ವ್ಯತ್ಯಾಸವನ್ನು ಮನೆಗೆ ಬಂದವರಿಗೆ ಮುಕ್ಕಾಲು ಗಂಟೆ ವಿವರಿಸುತ್ತಾಳೆ. ಎದುರಿಗೆ ಕುಳಿತವರು ಬಸ್ಸಿಗೆ ಹೊತ್ತಾಯಿತೆಂದು ನಾಲ್ಕು ಸಲ ಗಡಿಯಾರ ನೋಡಿದರೂ ಅವಳಿಗೆ ತಿಳಿಯುವುದಿಲ್ಲ.

ಜುಲೈ ತಿಂಗಳಲ್ಲಿ ತರಗತಿಯಲ್ಲಿ ಗಲಾಟೆಯಾದಾಗ ಶಿಕ್ಷಕರು ಬೇಸತ್ತು, ‘ಪಾಠ ಬೇಡದಿದ್ದವರು ಮನೆಗೆ ಹೋಗಬಹುದು’ ಎಂದರಂತೆ. ಅಂದು ಅವಳಿಗೆ ಪಾಠ ಬೇಡವಾಗಿತ್ತು. ಚೀಲ ಹೆಗಲಿಗೇರಿಸಿ, ಮಳೆಯಲ್ಲಿ 2 ಕಿಲೋಮೀಟರ್ ನಡೆದು ಮನೆಗೆ ಬಂದಳು. ಮರುದಿನ ಎಲ್ಲರೆದುರು ‘ಉದ್ಧಟತನ’ ಎಂದು ಬೈಸಿಕೊಂಡಾಗ, ತಾನು ಹೇಳಿದಂತೆಯೇ ಕೇಳಿದರೂ ಬೈದದ್ದೇಕೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಬಿಸಿಯೂಟದ ಹೊತ್ತಿನಲ್ಲಿ ಸ್ಟೀಲ್ ತಟ್ಟೆಗಳ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾಳೆ, ಅಂಗಿಯ ಕುತ್ತಿಗೆಯ ಚೀಟಿಗಳನ್ನೆಲ್ಲ ಕತ್ತರಿಸಿಯೇ ಹಾಕಿಕೊಳ್ಳುತ್ತಾಳೆ. ಶಾಲೆಯಲ್ಲಿ ಇಡೀ ದಿನ ತಗ್ಗಿ ಬಗ್ಗಿ ಇದ್ದು, ಮನೆಗೆ ಬಂದವಳೇ ಅಟ್ಟದಲ್ಲಿ ಅಡಿಕೆ ಚೀಲಗಳ ಹಿಂದೆ ಒಂದು ಗಂಟೆ ಮಾತಿಲ್ಲದೆ ಮಲಗುತ್ತಾಳೆ. ಇತ್ತೀಚೆಗೆ ನಾನು ಗಮನಿಸಿದ ಇನ್ನೊಂದು ಸಂಗತಿಯೆಂದರೆ, ಅವಳ ನಗು ಅವಳದಲ್ಲ. ತರಗತಿಯ ಇನ್ನೊಬ್ಬ ಹುಡುಗಿಯ ನಗುವನ್ನು, ಕೈ ಬಾಯಿಗೆ ಅಡ್ಡ ಹಿಡಿಯುವ ರೀತಿಯ ಸಮೇತ, ಹಾಗೆಯೇ ಕಲಿತಿದ್ದಾಳೆ.

ಮಕ್ಕಳ ವೈದ್ಯರೊಬ್ಬರು ಎರಡು ನಿಮಿಷ ಮಾತನಾಡಿಸಿ, ‘ಕಣ್ಣು ನೋಡಿ ಮಾತನಾಡುತ್ತಾಳೆ, ಅಂಕ ಬರುತ್ತದೆ, ಆಟಿಸಂ ಎಲ್ಲಿಂದ ಬಂತು’ ಎಂದು ಕಳಿಸಿದರು. ಇನ್ನೊಂದು ಊರಿನ ಖಾಸಗಿ ಥೆರಪಿ ಕೇಂದ್ರದಲ್ಲಿ 20 ನಿಮಿಷ ಪ್ರಶ್ನಾವಳಿಗೆ ಗುರುತು ಹಾಕಿಸಿಕೊಂಡು, ‘ಇದೆ’ ಎಂದು ಹೇಳಿ, ಆರು ತಿಂಗಳ ಥೆರಪಿಯ ಹಣವನ್ನು ಮುಂಗಡ ಕಟ್ಟಲು ಹೇಳಿದರು. ನನ್ನ ಅತ್ತೆಯವರು, ‘ಅವಳ ಅಪ್ಪನೂ ಹೀಗೇ ಇದ್ದ, ಈಗ ಸಂಸಾರ ಮಾಡುತ್ತಿಲ್ಲವೇ’ ಎನ್ನುತ್ತಾರೆ. ಯಜಮಾನರಿಗೆ ಹಣೆಪಟ್ಟಿಯ ಭಯ. ನಾಳೆ ಮದುವೆಯ ಮಾತು ಬಂದಾಗ ಈ ಕಾಗದ ಎದ್ದು ನಿಲ್ಲುತ್ತದೆ ಎನ್ನುತ್ತಾರೆ. ನಿಜವಾದ ತಪಾಸಣೆ ಎಂದರೆ ಹೇಗಿರುತ್ತದೆ, ನಮ್ಮಂಥವರು ಎಲ್ಲಿಗೆ ಹೋಗಬೇಕು, 10 ವರ್ಷಕ್ಕೆ ತಡವಾಯಿತೇ, ಮಗಳಿಗೆ ಏನೆಂದು ಹೇಳಿ ಕರೆದೊಯ್ಯಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.


ಉತ್ತರ: ಹಾಸನದ ಅಪ್ಪ

ಮೊದಲಿಗೆ, ಆ ಮುಂಗಡ ಹಣವನ್ನು ಕಟ್ಟಬೇಡಿ. ಇಪ್ಪತ್ತು ನಿಮಿಷದಲ್ಲಿ ‘ಇದೆ’ ಎಂದವರನ್ನೂ ಎರಡು ನಿಮಿಷದಲ್ಲಿ ‘ಇಲ್ಲ’ ಎಂದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಪಕ್ಕಕ್ಕಿಡಿ.

ನನ್ನ ಮಗನಿಗೆ 9 ವರ್ಷವಾಗಿದ್ದಾಗ ತಪಾಸಣೆಯಾಯಿತು, ಈಗ ಅವನಿಗೆ 12. ನಾವು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಆರಂಭಿಸಿ, ಅಲ್ಲಿ ಬರೆದುಕೊಟ್ಟ ಪತ್ರ ಹಿಡಿದು ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಹೋದೆವು. ನಿಮಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. ಅಲ್ಲಿಂದ ಮುಂದೆ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಇವುಗಳಲ್ಲಿ ಯಾವುದಕ್ಕೆ ಹೋಗುವುದೆಂದು ವೈದ್ಯರೊಂದಿಗೆ ಮಾತನಾಡಿ ತೀರ್ಮಾನಿಸಬಹುದು. ಹೊರಡುವ ಮೊದಲೇ ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಮೊದಲ ದಿನ ನಮ್ಮನ್ನು ಕೂರಿಸಿಕೊಂಡು ಹತ್ತಿರ ಹತ್ತಿರ ಎರಡು ಗಂಟೆ ಕೇಳಿದರು. ಬಸುರಿನಲ್ಲಿ ತೊಂದರೆಯಿತ್ತೇ, ಹುಟ್ಟಿದ ಕೂಡಲೇ ಅತ್ತನೇ, ಹೆಸರು ಹಿಡಿದು ಕರೆದರೆ ತಿರುಗುತ್ತಿದ್ದನೇ ಎಂಬುದೆಲ್ಲ ಆಯಿತು. ಆಮೇಲೆ ಬಂದ ಪ್ರಶ್ನೆಯೊಂದು ನನಗಿನ್ನೂ ನೆನಪಿದೆ: ‘ಒಂದೂವರೆ ವರ್ಷದವನಿದ್ದಾಗ, ಹಾರುವ ಹಕ್ಕಿಯನ್ನೋ ಹೋಗುವ ಬಸ್ಸನ್ನೋ ಬೆರಳು ಮಾಡಿ, ನೀವೂ ನೋಡಲಿ ಎಂದು ನಿಮಗೆ ತೋರಿಸುತ್ತಿದ್ದನೇ?’ ಬೇಕಾದ ವಸ್ತುವನ್ನು ತೋರಿಸುವುದು ಬೇರೆ, ಸಂತೋಷ ಹಂಚಿಕೊಳ್ಳಲು ತೋರಿಸುವುದು ಬೇರೆ ಎಂದು ನಮಗೆ ಅಂದೇ ತಿಳಿದದ್ದು. ನನಗೂ ನನ್ನ ಹೆಂಡತಿಗೂ ನೆನಪಿರಲಿಲ್ಲ. ಜೊತೆಯಲ್ಲಿ ಬಂದಿದ್ದ ನನ್ನ ತಾಯಿಗೆ ನೆನಪಿತ್ತು. ಆದ್ದರಿಂದ ನಿಮ್ಮ ಅತ್ತೆಯವರನ್ನು ಒಪ್ಪಿಸಿ ಕರೆದೊಯ್ಯಿರಿ. ‘ಅವಳ ಅಪ್ಪನೂ ಹೀಗೇ ಇದ್ದ’ ಎಂಬ ಅವರ ಮಾತು ನಿಮಗೆ ಅಡ್ಡಿಯೆನಿಸಬಹುದು, ಆದರೆ ವೈದ್ಯರ ಮುಂದೆ ಅದು ಬಹಳ ಉಪಯೋಗದ ಮಾಹಿತಿ.

ಒಯ್ಯಬೇಕಾದದ್ದು ತಾಯಿ ಕಾರ್ಡ್, ಹಳೆಯ ಆಸ್ಪತ್ರೆಯ ಚೀಟಿಗಳು, ಅಂಕಪಟ್ಟಿ, ಒಂದೆರಡು ಶಾಲೆಯ ನೋಟ್‌ಬುಕ್ಕು, ಬಿಪಿಎಲ್ ಕಾರ್ಡ್ ಇದ್ದರೆ ಅದು. ಮಗಳು ಅಟ್ಟದಲ್ಲಿ ಮಲಗುವುದು, ಅತಿಥಿಗಳಿಗೆ ಮಿಡಿಯ ವಿಷಯ ಹೇಳುವುದು, ಇವನ್ನು ಒಂದೊಂದು ನಿಮಿಷ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಅವಳಿಂದ ಮಾಡಿಸಿ ಚಿತ್ರಿಸಬೇಡಿ. ಇಡೀ ದಿನವನ್ನು ಅದಕ್ಕೆಂದೇ ತೆಗೆದಿಡಿ, ಅವಳು ತಿನ್ನುವ ತಿಂಡಿಯನ್ನು ಮನೆಯಿಂದಲೇ ಕಟ್ಟಿಕೊಳ್ಳಿ. ನಮಗೆ ಶ್ರವಣ ಪರೀಕ್ಷೆ, ಬುದ್ಧಿಮತ್ತೆಯ ಪರೀಕ್ಷೆ, ವರದಿ ಎಲ್ಲ ಸೇರಿ ಮೂರು ಸಲ ಓಡಾಟವಾಯಿತು.

ನಿಮ್ಮ ಯಜಮಾನರಿಗೆ ಒಂದು ಮಾತು. ರೋಗನಿರ್ಣಯ ಬೇರೆ, ಅಂಗವೈಕಲ್ಯ ಪ್ರಮಾಣಪತ್ರ ಬೇರೆ. ನಾನೂ ಎರಡೂ ಒಂದೇ ಎಂದು ತಿಳಿದು ಆರು ತಿಂಗಳು ಕಾಲ ಕಳೆದೆ. ವರದಿ ನಿಮ್ಮ ಕೈಯಲ್ಲಿರುವ ವೈದ್ಯಕೀಯ ಕಾಗದ, ಅದನ್ನು ಯಾರಿಗೆ ತೋರಿಸಬೇಕೆಂಬುದು ನಿಮಗೆ ಬಿಟ್ಟದ್ದು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣೀಕರಿಸಿದರೆ ಮೀಸಲಾತಿ ಮುಂತಾದವಕ್ಕೆ ಅರ್ಹತೆ ಬರುತ್ತದೆ. ಆದರೆ ಅದಕ್ಕೆ ಅರ್ಜಿ ಹಾಕಬೇಕಾದವರು ನೀವೇ, ಹಾಕಲೇಬೇಕೆಂಬ ನಿಯಮವಿಲ್ಲ.


ಉತ್ತರ: ಚಿಕಿತ್ಸಾ ಮನಶ್ಶಾಸ್ತ್ರಜ್ಞೆ, ಮೈಸೂರು

ಇಲ್ಲಿ ಬರೆದದ್ದನ್ನು ಓದಿ ಮಗುವಿಗೆ ಆಟಿಸಂ ಇದೆ ಅಥವಾ ಇಲ್ಲ ಎಂದು ಯಾರೂ ಹೇಳಬಾರದು, ನಾನೂ ಹೇಳುವುದಿಲ್ಲ. ತಪಾಸಣೆ ಮಾಡಿಸಲು ಸಾಕಷ್ಟು ಕಾರಣಗಳಿವೆಯೇ ಎಂದು ಕೇಳಿದರೆ, ಧಾರಾಳವಾಗಿ ಇವೆ.

ತಡವಾಯಿತೇ ಎಂಬ ಪ್ರಶ್ನೆಯಿಂದ ಆರಂಭಿಸುತ್ತೇನೆ. ರೋಗನಿರ್ಣಯಕ್ಕೆ ಮನೋವೈದ್ಯರು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಆಟಿಸಂನ ಲಕ್ಷಣಗಳು ಎಳವೆಯಲ್ಲಿಯೇ ಇರಬೇಕು. ಆದರೆ ಸಮಾಜ ಮಗುವಿನಿಂದ ನಿರೀಕ್ಷಿಸುವುದು ಅದರ ಶಕ್ತಿಯನ್ನು ಮೀರುವವರೆಗೂ ಅವು ಪೂರ್ತಿಯಾಗಿ ಕಾಣಿಸಿಕೊಳ್ಳದಿರಬಹುದು ಎಂದೂ ಅದೇ ಕೈಪಿಡಿ ಹೇಳುತ್ತದೆ. ಮೂರನೆಯ ತರಗತಿಯವರೆಗೆ ಮಕ್ಕಳ ಸ್ನೇಹವೆಂದರೆ ಒಟ್ಟಿಗೆ ಓಡುವುದು, ಲಗೋರಿ ಆಡುವುದು. ಐದನೆಯ ತರಗತಿಯ ಹೊತ್ತಿಗೆ, ಮುಖ್ಯವಾಗಿ ಹೆಣ್ಣು ಮಕ್ಕಳಲ್ಲಿ, ಸ್ನೇಹವೆಂದರೆ ಗುಟ್ಟು, ಮುನಿಸು, ಹೇಳದೆಯೇ ತಿಳಿಯಬೇಕಾದ ಮಾತು. ಅಲ್ಲಿಯವರೆಗೆ ಬುದ್ಧಿಯ ಬಲದಿಂದ ನಿಭಾಯಿಸುತ್ತಿದ್ದ ಮಗು ಅಲ್ಲಿ ಎಡವುತ್ತದೆ. ನನ್ನ ಬಳಿಗೆ ಮೊದಲ ಸಲ ಬರುವ ಹುಡುಗಿಯರಲ್ಲಿ ಅನೇಕರು ಇದೇ ವಯಸ್ಸಿನವರು.

ನಿಮ್ಮ ಮಗಳು ಇನ್ನೊಬ್ಬಳ ನಗುವನ್ನು ಕಲಿತಿರುವ ಬಗ್ಗೆ ಬರೆದಿದ್ದೀರಿ. ಅದು ತಪಾಸಣೆಯಲ್ಲಿ ಹೇಳಲೇಬೇಕಾದ ಸಂಗತಿ. ನಾವು ಇದನ್ನು ಮಾಸ್ಕಿಂಗ್ ಎನ್ನುತ್ತೇವೆ. ಇತರರನ್ನು ನೋಡಿ, ಅನುಕರಿಸಿ, ತನ್ನ ಗೊಂದಲವನ್ನು ಮರೆಮಾಚುವುದು. ಕಣ್ಣು ನೋಡಿ ಮಾತನಾಡುವುದನ್ನೂ ಹೀಗೆಯೇ ಕಲಿತಿರಬಹುದಾದ್ದರಿಂದ, ಎರಡು ನಿಮಿಷದ ಮಾತುಕತೆಯಲ್ಲಿ ಅದೊಂದನ್ನೇ ನೋಡಿ ಇಲ್ಲವೆನ್ನಲಾಗದು. ಮನೆಗೆ ಬಂದ ಮೇಲಿನ ಆ ಒಂದು ಗಂಟೆಯ ಮೌನ ಅದರ ದಣಿವು ಇರಬಹುದು. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಕುರಿತು ಬರೆದ ಪ್ರಸಿದ್ಧ ಪ್ರಬಂಧದ 11 ಮಕ್ಕಳಲ್ಲಿ 8 ಮಂದಿ ಗಂಡು ಮಕ್ಕಳಾಗಿದ್ದರು. ಆಗಿನಿಂದಲೂ ನಮ್ಮ ಕಣ್ಣು ಗಂಡು ಮಕ್ಕಳ ಲಕ್ಷಣಗಳಿಗೇ ಪಳಗಿದೆ. ನಾಲ್ಕು ಗಂಡು ಮಕ್ಕಳಿಗೆ ಒಂದು ಹೆಣ್ಣು ಮಗು ಎಂಬ ಹಳೆಯ ಲೆಕ್ಕವನ್ನು ಪರಿಶೀಲಿಸಿದ 2017ರ ಒಂದು ವಿಶ್ಲೇಷಣೆಯು ಈ ಪ್ರಮಾಣ ಮೂರಕ್ಕೆ ಒಂದರ ಹತ್ತಿರವಿದೆ ಎಂದಿತು, ಅಂದರೆ ಎಷ್ಟೋ ಹುಡುಗಿಯರು ಲೆಕ್ಕಕ್ಕೇ ಸಿಗುತ್ತಿಲ್ಲ.

ಸರಿಯಾದ ತಪಾಸಣೆಯಲ್ಲಿ ಮೂರು ಕಡೆಯಿಂದ ಮಾಹಿತಿ ಸೇರಬೇಕು: ಮನೆಯವರು ಹೇಳುವ ಬೆಳವಣಿಗೆಯ ಚರಿತ್ರೆ, ಮಗುವನ್ನು ಸ್ವತಃ ನೋಡಿ ಮಾತನಾಡಿಸಿ ಕಂಡದ್ದು, ಶಾಲೆಯ ಅಭಿಪ್ರಾಯ. ಎಡಾಸ್-2, ಕಾರ್ಸ್-2 ಎಂಬ ಸಾಧನಗಳ ಹೆಸರು ನಿಮ್ಮ ಕಿವಿಗೆ ಬೀಳಬಹುದು. ನಮ್ಮ ದೇಶದಲ್ಲಿಯೇ ರೂಪಿಸಿದ ‘ಇಸಾ’ ಎಂಬ ಮಾಪಕದಲ್ಲಿ 40 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 70ರಿಂದ 106ರವರೆಗೆ ಬಂದರೆ ಅಲ್ಪ ಪ್ರಮಾಣ, 107ರಿಂದ 153 ಮಧ್ಯಮ, ಅದಕ್ಕೂ ಹೆಚ್ಚಾದರೆ ತೀವ್ರ. ಪ್ರಮಾಣಪತ್ರಕ್ಕೆ ಬಳಸುವುದು ಇದನ್ನೇ. ಮಾತು ಬಲ್ಲ, ಓದು ಬಲ್ಲ ಮಗುವಿಗೆ ವೈದ್ಯರು ಆಟಿಸಂ ಇದೆಯೆಂದು ನಿರ್ಣಯಿಸಿದ ಮೇಲೂ ಈ ಮಾಪಕದಲ್ಲಿ 70 ಮುಟ್ಟದೇ ಇರುವುದುಂಟು. ಆಗ ಗಾಬರಿಯಾಗಬೇಡಿ, ಎರಡೂ ಸುಳ್ಳಲ್ಲ. ಇನ್ನು ಮನೆಯಲ್ಲಿ ಗುರುತು ಹಾಕುವ ಪ್ರಶ್ನಾವಳಿಗಳು ಜರಡಿ ಮಾತ್ರ. ಅಂತರ್ಜಾಲದಲ್ಲಿ ಬಹಳ ಓಡಾಡುವ ಎಂ-ಚಾಟ್ ಎಂಬುದು 16ರಿಂದ 30 ತಿಂಗಳ ಕೂಸುಗಳಿಗೆ ಮಾಡಿದ್ದು, 10 ವರ್ಷದವಳಿಗೆ ಅದನ್ನು ತುಂಬಿ ಪ್ರಯೋಜನವಿಲ್ಲ.

ಆಟಿಸಂ ಅಲ್ಲದೆ ಬೇರೇನಾದರೂ ಇರಬಹುದೇ ಎಂದು ನೋಡುವುದೂ ತಪಾಸಣೆಯ ಅರ್ಧ ಕೆಲಸ. ಶ್ರವಣದೋಷ, ಆತಂಕ, ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಡಪಡಿಕೆ), ಗೀಳು, ಕಲಿಕೆಯ ತೊಡಕು, ಶಾಲೆಯಲ್ಲಿ ಯಾರಾದರೂ ಕಾಡುತ್ತಿರುವುದು, ಇವುಗಳಲ್ಲಿ ಕೆಲವು ಆಟಿಸಂನಂತೆ ಕಾಣುತ್ತವೆ, ಕೆಲವು ಅದರ ಜೊತೆಯಲ್ಲಿಯೇ ಇರುತ್ತವೆ. ‘ಆಟಿಸಂ ಅಲ್ಲ’ ಎಂಬ ಉತ್ತರ ಬಂದರೆ, ಹಾಗಿದ್ದರೆ ಮತ್ತೇನು ಎಂದು ಕೇಳದೆ ಎದ್ದು ಬರಬೇಡಿ. ತಪಾಸಣೆ ಮಾಡುವ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಪಡೆದವರೇ ಎಂದು ಕೇಳುವುದು ನಿಮ್ಮ ಹಕ್ಕು. ಕೇಳಿದರೆ ಸಿಟ್ಟಾಗುವವರ ಬಳಿ ಹೋಗಬೇಡಿ.

ಕೊನೆಗೆ ಇನ್ನೆರಡು ಸಂಗತಿ. ‘ಮೊಬೈಲ್ ಕೊಟ್ಟು ಕೆಡಿಸಿದೆ’, ‘ಎತ್ತಿ ಆಡಿಸಲಿಲ್ಲ’ ಎಂದು ಯಾರಾದರೂ ನಿಮ್ಮ ಮೇಲೆ ಹೊರಿಸಿದರೆ ತಲೆಗೆ ಹಚ್ಚಿಕೊಳ್ಳಬೇಡಿ. ತಾಯಿಯ ಮಮತೆ ಕಡಿಮೆಯಾಗಿ ಆಟಿಸಂ ಬರುತ್ತದೆ ಎಂಬ ವಾದ ಕಳೆದ ಶತಮಾನದ ನಡುವೆ ಮೆರೆದು, ಎಷ್ಟೋ ತಾಯಂದಿರನ್ನು ಅಳಿಸಿ, ಆಮೇಲೆ ಬಿದ್ದುಹೋಯಿತು; ಇದರಲ್ಲಿ ವಂಶವಾಹಿಯ ಪಾತ್ರ ದೊಡ್ಡದು. ಹಾಗೆಯೇ, ಗುಣಪಡಿಸುತ್ತೇವೆ ಎಂದು ಆಕರಕೋಶ ಚಿಕಿತ್ಸೆ, ಅಂದರೆ ಸ್ಟೆಮ್ ಸೆಲ್ ಮಾರುವವರು ಬಂದರೆ ಬಾಗಿಲು ಹಾಕಿಕೊಳ್ಳಿ. ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲಿಯೇ ಹೇಳಿದೆ.


ಉತ್ತರ: ನಿವೃತ್ತ ನೌಕರ, ದಾವಣಗೆರೆ

ತಜ್ಞರ ಮಾತಿಗೆ ಎದುರಾಡುತ್ತಿಲ್ಲ, ಆದರೆ ನನ್ನ ಅನಿಸಿಕೆಯನ್ನು ಹೇಳದಿರಲಾರೆ. ನಮ್ಮ ಕಾಲದಲ್ಲಿ ಇಂಥ ಮಕ್ಕಳು ಪ್ರತಿಯೊಂದು ಊರಿನಲ್ಲಿಯೂ ಇದ್ದರು. ಒಬ್ಬ ಪಂಚಾಂಗವನ್ನು ಬಾಯಿಪಾಠ ಹೇಳುತ್ತಿದ್ದ, ಇನ್ನೊಬ್ಬ ದನಗಳ ಜೊತೆಗಲ್ಲದೆ ಮನುಷ್ಯರ ಜೊತೆ ಮಾತನಾಡುತ್ತಿರಲಿಲ್ಲ. ಊರು ಅವರನ್ನು ಹಾಗೆಯೇ ಇಟ್ಟುಕೊಂಡಿತ್ತು. ಹತ್ತು ವರ್ಷದ ಹೆಣ್ಣು ಮಗುವನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಡಿಸಿ, ನಿನ್ನಲ್ಲಿ ಐಬಿದೆ ಎಂದು ಅವಳ ಮನಸ್ಸಿನಲ್ಲಿ ಬಿತ್ತುವುದಕ್ಕಿಂತ, ಮಿಡಿಮಾವಿನ ವಿಷಯದಲ್ಲಿ ಅವಳಿಗಿರುವ ಆಸಕ್ತಿಯನ್ನು ಬೆಳೆಸುವುದು ಒಳ್ಳೆಯದಲ್ಲವೇ?


ಉತ್ತರ: ತಡವಾಗಿ ತಿಳಿದವನು

ಹಿರಿಯರಿಗೆ ನಮಸ್ಕಾರ. ನೀವು ಹೇಳಿದ ಆ ಹುಡುಗರಲ್ಲಿ ನಾನೂ ಒಬ್ಬ. ಚಿಕ್ಕಮಗಳೂರು ಜಿಲ್ಲೆಯ ಒಂದು ಊರು ನನ್ನನ್ನು ‘ಹಾಗೆಯೇ ಇಟ್ಟುಕೊಂಡಿತ್ತು’. ಇಟ್ಟುಕೊಂಡದ್ದು ಹೇಗೆಂದು ಒಳಗಿನಿಂದ ನೋಡಿದವನು ಹೇಳಬೇಕಾಗುತ್ತದೆ.

ಚಿಕ್ಕವನಿದ್ದಾಗ ನಮ್ಮ ಮನೆಗೆ ಬಂದ ಸೋದರಮಾವ ‘ಹೋಗಿ ಬರ್ತೀನಿ’ ಎಂದು ಹೇಳಿ ಹೊರಟರು. ಬರುತ್ತೇನೆ ಎಂದಿದ್ದಾರಲ್ಲ ಎಂದು ನಾನು ಕತ್ತಲಾಗುವವರೆಗೂ ತಡಮೆಯ ಹತ್ತಿರ ಕಾಯುತ್ತ ನಿಂತಿದ್ದೆ. ಮನೆಯವರು ನಕ್ಕರು, ಮುಂದೆ ಅದು ಪ್ರತಿ ಮದುವೆಮನೆಯಲ್ಲಿಯೂ ಹೇಳುವ ತಮಾಷೆಯಾಯಿತು. ಯಾರಾದರೂ ‘ಊಟ ಆಯ್ತಾ’ ಎಂದು ಕೇಳಿದರೆ ನಾನು ಎಷ್ಟು ಮುದ್ದೆ, ಯಾವ ಸಾರು ಎಂದು ಪೂರ್ತಿ ಲೆಕ್ಕ ಒಪ್ಪಿಸುತ್ತಿದ್ದೆ. ‘ಆಯ್ತು, ನಿಮ್ದು?’ ಎಂದಷ್ಟೇ ಹೇಳಬೇಕೆಂದು ಹದಿಮೂರನೆಯ ವಯಸ್ಸಿನಲ್ಲಿ ಒಂದು ಡೈರಿಯಲ್ಲಿ ಬರೆದುಕೊಂಡು ಅಭ್ಯಾಸ ಮಾಡಿದೆ. ಆ ಡೈರಿ ಇನ್ನೂ ನನ್ನ ಬಳಿ ಇದೆ.

ಹಣೆಪಟ್ಟಿಯ ಭಯದ ಬಗ್ಗೆ ಈ ತಾಯಿಯ ಯಜಮಾನರಿಗೆ ನಾನು ಹೇಳಬಯಸುವುದು ಇಷ್ಟೇ: ನನಗೆ ತಪಾಸಣೆ ಮಾಡಿಸದಿದ್ದುದರಿಂದ ಹೆಸರು ಬೀಳಲಿಲ್ಲವೆಂದಲ್ಲ. ಗರ್ವಿ, ಮೊಂಡ, ಒಣಕಲು ಮನುಷ್ಯ, ಕಾಲೇಜಿನಲ್ಲಿ ‘ರೋಬೋ’, ಕೆಲಸಕ್ಕೆ ಸೇರಿದ ಮೇಲೆ ‘ಟೀಮ್ ಪ್ಲೇಯರ್ ಅಲ್ಲ’. ಇವೆಲ್ಲವೂ ಹೆಸರುಗಳೇ, ಎಲ್ಲವೂ ತಪ್ಪು ಹೆಸರುಗಳು, ಮತ್ತು ಅಷ್ಟನ್ನೂ ನಾನು ನಂಬಿದೆ. ಈ ಮಗುವಿಗೆ ಆಗಲೇ ‘ಉದ್ಧಟತನ’ ಎಂಬುದು ಎಲ್ಲರೆದುರು ಬಿದ್ದಾಗಿದೆ. ನನಗೆ ಆತಂಕ, ಖಿನ್ನತೆಗಳಿಗೆ ಆರು ವರ್ಷ ಚಿಕಿತ್ಸೆ ನಡೆಯಿತು. ಬೇರು ಯಾವುದೆಂದು ನೋಡಿದವರು ಬಂದದ್ದು ನನಗೆ 31 ತುಂಬಿದಾಗ.

ತಿಳಿದ ಮೇಲೆ ಬದಲಾದದ್ದು ದೊಡ್ಡ ಸಂಗತಿಗಳೇನಲ್ಲ. ಕೆಲಸಗಳನ್ನು ಬಾಯಲ್ಲಿ ಹೇಳದೆ ಬರೆದು ಕಳಿಸಿ ಎಂದು ಕಚೇರಿಯಲ್ಲಿ ಕೇಳಿಕೊಂಡೆ. ಮದುವೆಮನೆಗಳಿಗೆ ಕಿವಿಗೆ ಹತ್ತಿ ಇಟ್ಟುಕೊಂಡು ಹೋಗುತ್ತೇನೆ, ವಾಲಗದವರ ಸಾಲಿನಿಂದ ದೂರ ಕೂರುತ್ತೇನೆ. ದಣಿವಾದಾಗ ಒಂದು ಗಂಟೆ ಮಾತನಾಡುವುದಿಲ್ಲವೆಂದು ಹೆಂಡತಿಗೆ ಮೊದಲೇ ಹೇಳಿರುವುದರಿಂದ ಅವಳು ಅದನ್ನು ಕೋಪವೆಂದು ತಿಳಿಯುವುದಿಲ್ಲ. ಎಲ್ಲವೂ ಸರಿಹೋಯಿತೆಂದು ಹೇಳಲಾರೆ; ಜನರ ನಡುವೆ ಇವತ್ತಿಗೂ ನಾನು ಲೆಕ್ಕ ಹಾಕುತ್ತಲೇ ಇರುತ್ತೇನೆ.

ಮಗಳಿಗೆ ಏನು ಹೇಳುವುದೆಂದು ಕೇಳಿದ್ದೀರಿ. ‘ಸುಮ್ಮನೆ ಡಾಕ್ಟರ ಹತ್ತಿರ ಹೋಗಿ ಬರೋಣ’ ಎನ್ನಬೇಡಿ. ನನ್ನಂಥವಳಾಗಿದ್ದರೆ ಆ ‘ಸುಮ್ಮನೆ’ ಎಂಬ ಪದದಲ್ಲಿಯೇ ಅವಳು ಸಿಕ್ಕಿಬೀಳುತ್ತಾಳೆ. ಅವಳು ನಿಮ್ಮನ್ನು ಕೇಳಿದ ಪ್ರಶ್ನೆಯನ್ನೇ ಅವಳಿಗೆ ನೆನಪಿಸಿ, ‘ಅದಕ್ಕೆ ಉತ್ತರ ನನಗೆ ಗೊತ್ತಿಲ್ಲ, ಗೊತ್ತಿರುವವರನ್ನು ಕೇಳೋಣ’ ಎಂದು ಹೇಳಿ. ಎಷ್ಟು ಗಂಟೆಗೆ ಹೊರಡುವುದು, ಯಾವ ಬಸ್ಸು, ಅಲ್ಲಿ ಎಷ್ಟು ಜನ ಮಾತನಾಡಿಸುತ್ತಾರೆ, ಚುಚ್ಚುಮದ್ದು ಇದೆಯೇ ಇಲ್ಲವೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. ಗೊತ್ತಿಲ್ಲದ ಕಡೆ ‘ಗೊತ್ತಿಲ್ಲ’ ಎಂದೇ ಬರೆಯಿರಿ.


ಉತ್ತರ: ಸರ್ಕಾರಿ ಶಾಲೆಯ ಮೇಷ್ಟ್ರು, ಚನ್ನಗಿರಿ ತಾಲ್ಲೂಕು

‘ಬೇಡದಿದ್ದವರು ಮನೆಗೆ ಹೋಗಿ’ ಎಂದು ನಾನೂ ಎಷ್ಟೋ ಸಲ ಹೇಳಿದ್ದೇನೆ. ಯಾರೂ ಎದ್ದು ಹೋಗಲಿಲ್ಲವೆಂಬುದು ನನ್ನ ಅದೃಷ್ಟ.

ವರದಿ ಬರುವವರೆಗೆ ಕಾಯದೆ ಶಾಲೆಯಲ್ಲಿ ಕೆಲವನ್ನು ಆರಂಭಿಸಬಹುದು. ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಮೂಲಕ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಕೆಲಸ ಮಾಡುತ್ತಾರೆ. ಮುಖ್ಯ ಶಿಕ್ಷಕರ ಮೂಲಕ ಅವರನ್ನು ಕರೆಸಿಕೊಳ್ಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದಾಗ ಮಗುವಿನ ಹೆಸರನ್ನು ಬರೆಸಿದರೆ ಜಿಲ್ಲಾ ಮಟ್ಟಕ್ಕೆ ಕಳಿಸುವ ದಾರಿಯೂ ತೆರೆಯುತ್ತದೆ, ಆದರೆ ಅದಕ್ಕಾಗಿಯೇ ಕಾದು ಕೂರಬೇಡಿ. ತರಗತಿ ಶಿಕ್ಷಕರನ್ನು ದೂರಿನ ಧ್ವನಿಯಲ್ಲಿ ಕಾಣದೆ, ‘ತಪಾಸಣೆಗೆ ನಿಮ್ಮ ಒಂದು ಪುಟದ ಟಿಪ್ಪಣಿ ಬೇಕು’ ಎಂದು ಕೇಳಿ. ಬರೆಯಲು ಕುಳಿತರೆ ನಾವು ಶಿಕ್ಷಕರು ಮಗುವನ್ನು ಹೊಸದಾಗಿ ಗಮನಿಸುತ್ತೇವೆ, ಇದು ನನ್ನ ಸ್ವಂತ ಅನುಭವ. ಬಿಸಿಯೂಟಕ್ಕೆ ಅವಳನ್ನು ಐದು ನಿಮಿಷ ಮೊದಲೇ ಕಳಿಸುವುದಕ್ಕೆ ಯಾವ ಆದೇಶವೂ ಬೇಕಾಗಿಲ್ಲ.

ಪ್ರಮಾಣಪತ್ರದ ವಿಷಯದಲ್ಲಿ ಹಾಸನದವರು ಹೇಳಿದ್ದು ಸರಿ. ಸರ್ಕಾರಿ, ಅನುದಾನಿತ, ಮಾನ್ಯತೆ ಪಡೆದ ಶಾಲೆಗಳೆಲ್ಲವೂ ಇಂಥ ಮಕ್ಕಳನ್ನು ಒಳಗೊಂಡು ಕಲಿಸಬೇಕೆಂದು 2016ರ ಕಾಯಿದೆ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಬೇಕೆನಿಸಿದರೆ ಮಾತ್ರ ಎಸ್ಸೆಸ್ಸೆಲ್ಸಿಗೆ ಬಹಳ ಮೊದಲೇ ಪತ್ರ ಸಿದ್ಧವಾಗಿರಬೇಕು. ಹತ್ತನೆಯ ತರಗತಿಯ ಡಿಸೆಂಬರಿನಲ್ಲಿ ಓಡಾಡುವ ತಂದೆತಾಯಂದಿರನ್ನು ಪ್ರತಿ ವರ್ಷ ನೋಡುತ್ತೇನೆ.


ಪ್ರಶ್ನೆ ಕೇಳಿದವರಿಂದ: ಮಲೆನಾಡಿನ ಅಮ್ಮ

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಯಜಮಾನರಿಗೆ ಓದಿ ಹೇಳಿದೆ. ‘ಹೋಗಿ ಬರ್ತೀನಿ’ ಎಂಬ ಮಾತು ಬಂದ ಕಡೆ ಅವರು ಕೈಯಲ್ಲಿದ್ದ ಅಡಿಕೆ ಸುಲಿಯುವ ಕತ್ತಿಯನ್ನು ಕೆಳಗಿಟ್ಟು, ಇನ್ನೊಂದು ಸಲ ಓದು ಎಂದರು. ಏನೂ ಹೇಳಲಿಲ್ಲ, ಆದರೆ ಶಿವಮೊಗ್ಗಕ್ಕೆ ಬರುವ ಬುಧವಾರ ತಾವೂ ಬರುವುದಾಗಿ ಮರುದಿನ ಬೆಳಿಗ್ಗೆ ತಾವಾಗಿಯೇ ತಿಳಿಸಿದರು. ಅತ್ತೆಯವರನ್ನು ಆ ಬೆರಳಿನ ಪ್ರಶ್ನೆ ಕೇಳಿದೆ. ಮಗಳು ಎರಡು ವರ್ಷದವಳಿದ್ದಾಗ ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಗಾತ್ರಕ್ಕೆ ಸರಿಯಾಗಿ ಸಾಲು ಹಿಡಿಸುತ್ತಿದ್ದಳೆಂದೂ, ಏನನ್ನಾದರೂ ಬೆರಳು ಮಾಡಿ ತಮಗೆ ತೋರಿಸಿದ ನೆನಪಿಲ್ಲವೆಂದೂ, ಬೇಕಾದರೆ ತಮ್ಮ ಕೈಯನ್ನೇ ಹಿಡಿದು ಎಳೆದೊಯ್ಯುತ್ತಿದ್ದಳೆಂದೂ ಹೇಳಿದರು. ಅವರ ಮಾತನ್ನು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ.

ಮಗಳಿಗೆ ನೀವು ಹೇಳಿದಂತೆಯೇ ಹೇಳಿ, ಹಾಳೆಯೊಂದನ್ನು ಬರೆದುಕೊಟ್ಟೆ. ಅವಳು ಅದನ್ನು ಓದಿ, ಹಿಂಬದಿಯಲ್ಲಿ ತನ್ನ ಪ್ರಶ್ನೆಗಳನ್ನು ಬರೆದು ತಂದಳು: ಕೋಣೆಯ ಫ್ಯಾನು ಸದ್ದು ಮಾಡುತ್ತದೆಯೇ, ಚಪ್ಪಲಿ ಹೊರಗೆ ಬಿಡಬೇಕೇ, ಉತ್ತರ ಗೊತ್ತಿಲ್ಲದಿದ್ದರೆ ಅಂಕ ಕಳೆಯುತ್ತಾರೆಯೇ, ಅಪ್ಪೆಮಿಡಿಯ ಪುಸ್ತಕವನ್ನು ಒಳಗೆ ಬಿಡುತ್ತಾರೆಯೇ. ಮೂರನೆಯದಕ್ಕೆ ಇಲ್ಲ ಎಂದು ಹೇಳಿದ್ದೇನೆ. ಉಳಿದವಕ್ಕೆ ‘ಗೊತ್ತಿಲ್ಲ’ ಎಂದು ಬರೆದಿದ್ದೇನೆ. ಕೊನೆಯದನ್ನು ಹಾಸನದವರನ್ನು ಕೇಳಬೇಕೆಂದು ಅವಳೇ ಹೇಳಿದಳು.


ಉತ್ತರ: ಹಾಸನದ ಅಪ್ಪ

ಖಂಡಿತ ಬಿಡುತ್ತಾರೆ, ತಪ್ಪದೆ ತರಲು ಹೇಳಿ. ನಮ್ಮವನು ಕೆಟ್ಟುಹೋದ ಮೂರು ಕ್ಯಾಲ್ಕುಲೇಟರ್‌ಗಳನ್ನು ಚೀಲದಲ್ಲಿ ಒಯ್ದಿದ್ದ. ವೈದ್ಯರು ಮೂರನ್ನೂ ಬಿಚ್ಚಿಸಿ ನೋಡಿದರು. ಫ್ಯಾನು ನಮ್ಮ ಕೋಣೆಯದು ಸ್ವಲ್ಪ ಕಿರ್‌ಗುಟ್ಟುತ್ತಿತ್ತು, ಹೇಳಿದ ಕೂಡಲೇ ಆರಿಸಿದರು. ಚಪ್ಪಲಿಯ ವಿಷಯ ನನಗೆ ನೆನಪಿಲ್ಲ ಎಂದು ಅವಳಿಗೆ ತಿಳಿಸಿ.